ಕಳಿಸದ ವರದಿ

ಸಂಧ್ಯಾ ಜಮಖಂಡಿಯ ಒಂದು ತರಬೇತಿ ಕೇಂದ್ರದಲ್ಲಿ ಜಾವಾಸ್ಕ್ರಿಪ್ಟ್ ಕಲಿಸುತ್ತಿದ್ದಳು. ಸುತ್ತಲಿನ ಊರುಗಳ ಬಹಳಷ್ಟು ವೆಬ್‌ಸೈಟುಗಳಲ್ಲಿ ಬನಹಟ್ಟಿಯ ವೀರೇಶ ಬರೆದ, ಯಾರು ಬೇಕಾದರೂ ತಮ್ಮ ಸೈಟಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡಿನ ಪುಟ್ಟ ಲೈಬ್ರರಿಯೊಂದು ಇತ್ತು. ಜನ ಫಾರ್ಮಿನಲ್ಲಿ ಟೈಪ್ ಮಾಡಿದ್ದರೊಳಗೆ ಯಾರಾದರೂ ಕಳ್ಳ ಕೋಡ್ ಅಡಗಿಸಿದ್ದರೆ ಅದನ್ನು ಸೋಸಿ ತೆಗೆಯುವುದು ಅದರ ಕೆಲಸ. ಅದು ಸರಿಯಾಗಿ ಸೋಸುತ್ತಿಲ್ಲ ಎಂಬುದು ಒಂದು ದಿನ ಪಾಠದ ನಡುವೆಯೇ ಸಂಧ್ಯಾಳ ಕಣ್ಣಿಗೆ ಬಿತ್ತು. ಕಳ್ಳರಿಗೆ ಸುಳಿವು ಸಿಗದಿರಲೆಂದು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವೀರೇಶನಿಗೆ ಗುಟ್ಟಾಗಿ ಪತ್ರ ಬರೆದು, ತಿದ್ದಿದ ಕೋಡನ್ನೂ ಲಗತ್ತಿಸಿದಳು.

ಉತ್ತರ ಬರಲಿಲ್ಲ. ವಾರದ ನಂತರ ಲೈಬ್ರರಿಯ ಹೊಸ ಆವೃತ್ತಿ ಬಂತು. ಅದರಲ್ಲಿ ಅವಳ ಕೋಡ್ ಇತ್ತು, ಅವಳ ಹೆಸರು ಇರಲಿಲ್ಲ.

ಆ ತಿಂಗಳು ವೆಬ್ ಡೆವಲಪರ್ ಬಳಗದ ಸಭೆ ಜಮಖಂಡಿಯಲ್ಲೇ ಸೇರಿತು. ಸಂಧ್ಯಾ ತನ್ನ ವಿದ್ಯಾರ್ಥಿಗಳನ್ನೂ ಕರೆದೊಯ್ದಿದ್ದಳು. ವೀರೇಶ ಭದ್ರತೆಯ ಬಗ್ಗೆ ಮಾತಾಡುತ್ತ ಪರದೆಯ ಮೇಲೆ ಅವಳ ಪತ್ರವನ್ನೇ ತೋರಿಸಿದ. ಹೆಸರು ಅಳಿಸಿರಲಿಲ್ಲ. ವ್ಯಾಕರಣದ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದ.

"ವರದಿ ಹೆಂಗ ಬರೀಬಾರದು ಅಂತ ಇದನ್ನ ನೋಡಿ ಕಲೀರಿ. ಮೊದಲ ಇಂಗ್ಲಿಷ್ ರಿಪೇರಿ ಮಾಡ್ಕೊಳ್ಳಲಿ, ಆಮ್ಯಾಲ ನನ್ನ ಕೋಡಿಗೆ ಕೈ ಹಾಕ್ಲಿ."

ಸಭೆ ನಕ್ಕಿತು. ಸಂಧ್ಯಾಳ ಪಕ್ಕದಲ್ಲೇ ಕುಳಿತಿದ್ದ ಕಾವೇರಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಾವಳಗಿಯ ಈ ಹುಡುಗಿ ಸಂಧ್ಯಾಳ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಮರುದಿನ ಎಂದಿನಂತೆ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ನಕ್ಕದ್ದು ಅವಳಿಗೆ ನೆನಪೂ ಇದ್ದಂತಿರಲಿಲ್ಲ.

ಸಂಧ್ಯಾ ಆ ಲೈಬ್ರರಿಯನ್ನು ಸಾಲು ಸಾಲಾಗಿ ಓದಿದಳು. ಮೊದಲಿನದಕ್ಕಿಂತ ದೊಡ್ಡ ಲೋಪವೊಂದು ಸಿಕ್ಕಿತು. ವರದಿ ಬರೆದಳು, ಪರಿಹಾರವನ್ನೂ ಬರೆದಳು. ಎರಡನ್ನೂ ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡಳು. ವೀರೇಶನ ಸ್ವಂತ ಸೈಟಿಗೇ ಒಂದು ದಿನ ಕಳ್ಳರು ನುಗ್ಗುವುದನ್ನು ನೆನೆದರೆ ಅವಳಿಗೆ ಹಿತವಾಗುತ್ತಿತ್ತು.

ಮೂರು ತಿಂಗಳ ನಂತರ ಕಾವೇರಿಗೆ ಮುಧೋಳದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ಅಲ್ಲಿನ ಖಾಸಗಿ ಹಾಸ್ಟೆಲ್ಲೊಂದಕ್ಕೆ ಅರ್ಜಿ ತುಂಬಲು ಕೇಂದ್ರಕ್ಕೇ ಬಂದಳು. ಸಂಧ್ಯಾ ಹಿಂದೆ ನಿಂತು ನೋಡಿದಳು. ಆ ಸೈಟಿನಲ್ಲಿಯೂ ವೀರೇಶನ ಲೈಬ್ರರಿಯೇ ಇತ್ತು.

"ಇದರಾಗ ಫೋಟೊ, ನಂಬರ್ ಹಾಕಿದ್ರ ಏನೂ ಆಗಂಗಿಲ್ಲಲ್ರಿ, ಅಕ್ಕೋರ?" ಕಾವೇರಿ ಕೇಳಿದಳು.

ಸಂಧ್ಯಾಳಿಗೆ ಆ ನಗು ನೆನಪಾಯಿತು.

"ಏನ ಆಗತೈತಿ? ಹಾಕು."

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಯಾರೋ ಆ ಲೋಪದಿಂದಲೇ ಒಳನುಗ್ಗಿ ಹಾಸ್ಟೆಲ್ಲಿನ ಹುಡುಗಿಯರ ಫೋಟೊ, ವಿಳಾಸ, ನಂಬರುಗಳನ್ನೆಲ್ಲ ಕದ್ದರು. ವಾರದೊಳಗೆ ಅವು ಹೊಲಸು ಮಾತುಗಳೊಂದಿಗೆ ಸಾವಳಗಿಯ ಫೋನುಗಳಿಗೂ ಬಂದವು. ಕಾವೇರಿಯ ತಂದೆ ಯಮನಪ್ಪ ಮಗಳನ್ನು ಕಾಲೇಜು ಬಿಡಿಸಿದ. ಅವಳ ಸರ್ಟಿಫಿಕೇಟು ಕೇಳಲು ಕೇಂದ್ರಕ್ಕೂ ಬಂದ.

"ನಿಮ್ಮದೇನೂ ತಪ್ಪಿಲ್ರಿ, ಅಕ್ಕೋರ. ನೀವು ಛಲೋ ಕಲಿಸಿದ್ರಿ," ಎಂದ. ಗಂಡು ಗೊತ್ತಾಗಿದೆ, ಬರುವ ವಾರ ನಿಶ್ಚಯ ಎಂದೂ ಹೇಳಿದ. ಸಂಧ್ಯಾ ರಿಜಿಸ್ಟರಿನಲ್ಲಿ ಅವನ ಸಹಿ ತೆಗೆದುಕೊಂಡಳು. ಕಾವೇರಿ ಹೊರಗೆ ಗಾಡಿಯ ಬಳಿ ನಿಂತಿದ್ದಳು. ಒಳಗೆ ಬರಲಿಲ್ಲ.

ಅಷ್ಟರಲ್ಲಿ ಬಳಗದ ತುಂಬ ವೀರೇಶನಿಗೆ ಛೀಮಾರಿ ಬಿದ್ದಿತ್ತು. ಲೋಪ ಎಲ್ಲಿದೆಯೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಸಂಧ್ಯಾಳಿಗೆ ಫೋನು ಮಾಡಿ ಬೇಡಿಕೊಂಡ. ಅವಳು ಹಳೆಯ ವರದಿ ತೆರೆದು, ತಾರೀಖು ಬದಲಿಸಿ ಕಳಿಸಿದಳು. ಈ ಸಲ ಲೈಬ್ರರಿಯ ಮೊದಲ ಪುಟದಲ್ಲೇ ಅವಳ ಹೆಸರು ಬಂತು.

ಮುಂದಿನ ಸಭೆಯಲ್ಲಿ ಬಳಗ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿತು. ವೀರೇಶನೂ ಎದ್ದು ನಿಂತು ಚಪ್ಪಾಳೆ ತಟ್ಟಿದ. ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಇದು ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ ಎಂದು ಕೇಳಿದಳು.

"ಸುದ್ದಿ ಬಂದ ಮ್ಯಾಲ," ಎಂದಳು ಸಂಧ್ಯಾ. "ಎರಡ ದಿನದಾಗ ಹಿಡದೆ."