ಸೆಕ್ರೆಟರಿ ರಾಯರ ಪಟಕಾ

ನಾನು ಒಂದು ಪಟಕಾ, ತಲೆಗೆ ಸುತ್ತುವ ರುಮಾಲು. ಬೆಟಗೇರಿಯ ಮಗ್ಗದಲ್ಲಿ ಹುಟ್ಟಿದವಳು. ಕಿರಮಂಜಿ ಕೆಂಪು ಬಣ್ಣ, ಬೆರಳಗಲದ ಜರಿ ಅಂಚು. ನೇಯ್ದವನು ನನ್ನನ್ನು ಮಡಚಿ, “ಒಳ್ಳೆ ತಲೀಗೆ ಹೋಗವಾ” ಎಂದು ಹರಸಿ ಕಳಿಸಿದ.

ಆ ತಲೆ ಬಿಂದುಮಾಧವ ಕೊರ್ಲಹಳ್ಳಿಯವರದು. ಚಂದ್ರಗಾವಿ ಎಂಬ ಪುಟ್ಟ ಸಂಸ್ಥಾನದಲ್ಲಿ ಅವರು ಇಂಗ್ಲಿಷ್ ಮಾಸ್ತರರಾಗಿದ್ದರು. ರಾಜಾಸಾಹೇಬ ಮಲ್ಲಪ್ರಭುಗಳು ಎಳೆವಯಸ್ಸಿನಲ್ಲೇ ಪಟ್ಟವೇರಿದಾಗ, ತಮಗೆ ಪಾಠ ಹೇಳಿದ ಮಾಸ್ತರರನ್ನೇ ಪ್ರೈವೇಟ್ ಸೆಕ್ರೆಟರಿ ಮಾಡಿಕೊಂಡರು. ಬರಿದಲೆಯಲ್ಲಿ ಅರಮನೆಗೆ ಹೋಗುವುದುಂಟೇ? ಹೆಂಡತಿ ಗೋದೂಬಾಯಿ ನನ್ನನ್ನು ಕೊಂಡು ತಂದರು. ರಾಯರ ತಲೆ ಬೋಳು, ಬಲು ನುಣುಪು. ಮೊದಮೊದಲು ನಾನು ಜಾರಿ ಜಾರಿ ಅವರ ಹುಬ್ಬಿಗೆ ಬಂದು ಕೂರುತ್ತಿದ್ದೆ.

ಸೆಕ್ರೆಟರಿಯ ಕೆಲಸ ಒಂದೆರಡಲ್ಲ. ಬಂದ ಪತ್ರಗಳಿಗೆ ಉತ್ತರ ಬರೆಯಬೇಕು. ಭೇಟಿಗೆ ಬಂದವರಿಗೆ ಚಹಾ ಕುಡಿಸಿ ಕಾಯಿಸಬೇಕು. ಬ್ರಿಟಿಷ್ ರೆಸಿಡೆಂಟ್ ಸಾಹೇಬನ ಮಡದಿಗೆ ಮಾವಿನ ಬುಟ್ಟಿ ಕಳಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ದೊರೆಯ ಸಿಟ್ಟನ್ನು ಸಂಭಾಳಿಸುವುದು. ಮಲ್ಲಪ್ರಭುಗಳ ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬೆಂಕಿ. ಸಿಟ್ಟು ಬಂತೆಂದರೆ ಅಪ್ಪಣೆ ಸಿಡಿಯುತ್ತಿತ್ತು. ರಾಯರು “ಆಗಲಿ ಹುಜೂರ್” ಎನ್ನುತ್ತಿದ್ದರು. ಮನೆಗೆ ಬಂದು ನನ್ನನ್ನು ಇಳಿಸಿ, ಒಳಸೆರಗಿಗೆ ಒಂದು ಗಂಟು ಹಾಕುತ್ತಿದ್ದರು. ಮರುದಿನ ದೊರೆ ಮತ್ತೆ ಕೇಳಿದರೆ ಅಪ್ಪಣೆ ಜಾರಿಯಾಗುತ್ತಿತ್ತು. ಕೇಳದಿದ್ದರೆ ಗಂಟು ನನ್ನಲ್ಲೇ ಉಳಿಯುತ್ತಿತ್ತು. ದೊರೆ ಮರೆಯುವುದೇ ಹೆಚ್ಚು. ಹೀಗಾಗಿ ನನ್ನ ಸೆರಗು ಹುಣಸೆಕಾಯಿಯಂತೆ ಗಂಟುಗಂಟಾಯಿತು.

ಒಮ್ಮೆ ದೊರೆ ಚಿರತೆ ಬೇಟೆಯಾಡಿ ಮರಳಿದರು. ಶಾಲೆಯ ಹುಡುಗಿಯರು ಸ್ವಾಗತಕ್ಕೆ ಬರಲಿ ಎಂದು ಹೇಳಿ ಕಳಿಸಿದರೆ, ಹೆಡ್‌ಮಿಸ್ಟ್ರೆಸ್ ಮನೋರಮಾಬಾಯಿ, “ಪರೀಕ್ಷಾ ನಡದಾವ, ಆಗೂದಿಲ್ಲ” ಎಂದರು. ದೊರೆ ಕೆಂಡವಾದರು. “ಸಾಲಿ ಮುಚ್ಚರಿ! ಆ ಬಾಯಿ ಊರು ಬಿಡ್ಲಿ!”

ರಾಯರು ಗಂಟು ಹಾಕಿದರು. ಇದನ್ನು ಹೇಗೋ ತಿಳಿದುಕೊಂಡ ದಿವಾನ್ ತ್ರಿಂಬಕರಾಯರು, ಮರುದಿನ ತುಂಬಿದ ದರ್ಬಾರಿನಲ್ಲಿ ಎದ್ದು ನಿಂತರು. ಮನೋರಮಾಬಾಯಿಯನ್ನೂ ಕರೆಸಿದ್ದರು. “ಹುಜೂರ್, ತಮ್ಮ ಅಪ್ಪಣೆಗಳೆಲ್ಲಾ ಕೊರ್ಲಹಳ್ಳಿಯವರ ಪಟಕಾದಾಗ ಹೂತು ಹೋಗ್ಯಾವ್ರಿ.”

“ಪಟಕಾ ತಗೀರಿ ರಾಯರ” ಎಂದರು ದೊರೆ.

ದರ್ಬಾರಿನಲ್ಲಿ ಪಟಕಾ ಇಳಿಸುವುದೆಂದರೆ ಮಾನ ಇಳಿಸಿದಂತೆ. ರಾಯರು ನನ್ನನ್ನು ಇಳಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದರು. ದೊರೆ ನನ್ನ ಸೆರಗನ್ನು ಹಿಡಿದು ಕೇಳಿದರು, “ಏನಿವು?”

“ತಮ್ಮ ಅಪ್ಪಣೆಗಳ್ರೀ. ನಡಸೂದು ಸರಿ ಕಾಣಲಿಲ್ಲ. ಬಿಚ್ಚೂ ಅಧಿಕಾರ ನನಗಿಲ್ಲ. ಹಂಗಾಗಿ ಇಟಗೊಂಡೀನ್ರಿ.”

“ಇದೇನು?”

“ನಸುಕಿನಾಗ ಕೂಗಿದ ಹುಂಜಾನ್ನ ಗಡೀಪಾರು ಮಾಡಬೇಕಂತ್ರಿ.”

“ಇದು?”

“ಸಾರಿಗೆ ಉಪ್ಪು ಹೆಚ್ಚು ಹಾಕಿದ ಅಡಗಿಯವನನ್ನ ಜೇಲಿಗೆ ಹಾಕಬೇಕಂತ್ರಿ.”

“ಮತ್ತ ಇದು?”

“ಈ ಕೊರ್ಲಹಳ್ಳಿಯವನನ್ನ ನೌಕರಿಯಿಂದ ತಗೀಬೇಕಂತ್ರಿ. ಚದುರಂಗದಾಗ ತಾವು ಸೋತಾಗಿಂದು.”

ದೊರೆಯ ಮೀಸೆ ಅದುರಿತು. ಆಮೇಲೆ ಅವರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದೊಂದೇ ಗಂಟು ಬಿಚ್ಚತೊಡಗಿದರು. ಶಾಲೆಯ ಗಂಟು ಬಲು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದರು.

“ಬಾಯಾರ, ಪರೀಕ್ಷಾ ಮುಗದೂವೇನು?”

“ನಾಳಿಗೆ ಮುಗೀತಾವ್ರಿ. ನಾಡಿದ್ದು ಎಲ್ಲಾರೂ ಚಿರತಿ ನೋಡಾಕ ಬರತೇವ್ರಿ” ಎಂದರು ಮನೋರಮಾಬಾಯಿ, ತಲೆ ತಗ್ಗಿಸದೆ.

ಕೊನೆಗೆ ಒಂದೇ ಗಂಟು ಉಳಿಯಿತು. “ಇದು ಪೋಲೋ ಆಟ ನಿಲ್ಲಿಸಿ, ಆ ರೊಕ್ಕದಾಗ ಸಮಗಾರ ಓಣಿಗೆ ಬಾವಿ ತೋಡಸ್ಬೇಕಂತ್ರಿ. ಅವತ್ತು ತಾವು ಕುದರಿಯಿಂದ ಬಿದ್ದಿದ್ರಿ. ಸಿಟ್ಟಿನಾಗ ಅಂದಿರಬೇಕಂತ…”

ದೊರೆಯ ನಗು ನಿಂತಿತು. “ಬಿದ್ದಾಗ ಆ ಓಣಿ ಮುದುಕಿ ನನಗ ನೀರು ಕೊಟ್ಟಳು, ರಾಯರ. ಬರೇ ರಾಡಿ. ದಿನಾ ಅದನ್ನ ಕುಡೀತಾರಂತ. ಅದು ಸಿಟ್ಟಲ್ರೀ, ಖರೇ ಮಾತು. ನೀವು ಕೇಳಬೇಕಿತ್ತು.”

“ತಪ್ಪಾತ್ರಿ, ಹುಜೂರ್” ಎಂದರು ರಾಯರು. ಅವರ ಕಣ್ಣು ತುಂಬಿತ್ತು.

“ಮರತು ಕುಂತವ ನಾನೂ ಅದೇನಿ” ಎಂದು ದೊರೆ ತಮ್ಮ ಕೈಯಾರೆ ನನ್ನನ್ನು ರಾಯರ ತಲೆಗೆ ಸುತ್ತಿದರು. ಸುತ್ತಲು ಬರದೆ ಸೊಟ್ಟ ಸುತ್ತಿದರು. ರಾಯರು ಅದನ್ನು ಸರಿಪಡಿಸದೆ ಹಾಗೆಯೇ ಮನೆಗೆ ಹೋದರು. ಆ ಬೇಸಿಗೆಯಲ್ಲಿ ಓಣಿಯ ಹೊಸ ಬಾವಿಗೆ ಸಿಹಿನೀರು ಬಂತು.

ಮುಂದೆ ಸಂಸ್ಥಾನ ವಿಲೀನವಾಯಿತು. ರಾಯರು ನಿವೃತ್ತರಾದರು. ಮೊಮ್ಮಗಳು ಹುಟ್ಟಿದಾಗ ಗೋದೂಬಾಯಿ, “ಇದರಷ್ಟು ಮೆತ್ತನ್ನ ಅರಿವಿ ಮತ್ತ ಯಾವುದೈತಿ?” ಎಂದು ನನ್ನನ್ನು ತೊಲೆಗೆ ಇಳಿಬಿಟ್ಟು ಕೂಸಿಗೆ ಜೋಲಿ ತೊಟ್ಟಿಲು ಕಟ್ಟಿದರು. ಹೆಸರಿಡುವ ದಿನ ಮಲ್ಲಪ್ರಭುಗಳು ಬಸ್ಸಿನಲ್ಲಿ ಬಂದಿಳಿದರು. ತಾವೇ ತೂಗುತ್ತೇನೆಂದು ಹಟ ಹಿಡಿದರು.

“ಮೆಲ್ಲಗ್ರೀ ಹುಜೂರ್, ಕುದರಿ ಅಲ್ಲದು!” ಎಂದರು ಗೋದೂಬಾಯಿ. ಇಡೀ ಮನೆ ನಕ್ಕಿತು. ಮಗು ನನ್ನನ್ನು ಒದ್ದೆ ಮಾಡಿ, ಹಾಯಾಗಿ ನಿದ್ದೆ ಹೋಯಿತು.

ಈಗ ಜರಿ ಕಪ್ಪಾಗಿದೆ, ನೂಲು ಸವೆದಿದೆ. ಆ ಮನೆಯ ಎಷ್ಟೋ ಕೂಸುಗಳನ್ನು ಮಲಗಿಸಿದ್ದೇನೆ. ತಲೆಯ ಮೇಲಿದ್ದಾಗ ನನಗೆ ಕಾಣುತ್ತಿದ್ದದ್ದು ಬಾಗಿದ ಬೆನ್ನುಗಳು. ಇಲ್ಲಿ ಕೆಳಗೆ ತೂಗುವಾಗ ಕಾಣುವುದು ಬಗ್ಗಿ ನೋಡಿ ನಗುವ ಮುಖಗಳು.