ಖೈರುನಬಿಯ ಬುಟ್ಟಿ ಹೊರಿಸುವವರು ಯಾರು?

ಈ ಸಲ ಮಳೆಗಾಲದಲ್ಲಿ ನಮ್ಮೂರ ಹಳ್ಳದ ನೀರಿನ ಮೇಲೆ ಬಣ್ಣ ತೇಲಿತು. ನೀಲಿ, ನೇರಳೆ, ಹಳದಿ. ನೋಡಲು ಚೆಂದ, ಮುಟ್ಟಿದರೆ ಅಂಟು ಅಂಟು. ಬಟ್ಟೆ ಒಗೆದು ಬಂದವರ ಕೈಯೆಲ್ಲ ತುರಿಕೆ. ಎಮ್ಮೆಗಳು ನೀರಿಗೆ ಮೂತಿ ಇಟ್ಟು ಹಿಂದೆ ಸರಿಯತೊಡಗಿದವು.

ಸಿದ್ದಾಪುರದಿಂದ ಮೂರು ಕಿಲೋಮೀಟರ್ ದೂರದ ಊರು ನಮ್ಮದು. ಸುತ್ತಲೂ ಭತ್ತದ ಗದ್ದೆ. ಗದ್ದೆಗಳಿಗೆ ಹೆಚ್ಚಾದ ನೀರೆಲ್ಲ ಬಸಿದು ಈ ಹಳ್ಳಕ್ಕೇ ಬರುತ್ತದೆ. ಬಟ್ಟೆಗೂ ಪಾತ್ರೆಗೂ ದನಕ್ಕೂ ಇದೇ ನೀರು. ನಾನು ಮಲ್ಲೇಶ್ವರಿ, ಇಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಈ ಕಥೆಯಲ್ಲಿ ನಾನು ಮಾಡಿದ್ದೇನೂ ಹೆಚ್ಚುಗಾರಿಕೆಯ ಕೆಲಸವಲ್ಲ. ಆದರೂ ಹೇಳಲೇಬೇಕು.

ನಮ್ಮೂರಲ್ಲಿ ಖೈರುನಬಿ ಎಂಬಾಕೆ ಇದ್ದಾಳೆ. ಸಮುದ್ರದ ಒಣಮೀನು ಮಾರುತ್ತಾಳೆ. ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟರೆ ಓಣಿ ಓಣಿ ತಿರುಗಿ, ಹತ್ತು ಮನೆಯ ಕಟ್ಟೆಯ ಮೇಲೆ ಕೂತು, ಹತ್ತು ಮನೆಯ ಸುದ್ದಿ ಕೇಳಿ, ಮಧ್ಯಾಹ್ನ ವಾಪಸ್ಸು. ಅವಳಿಗೆ ಮೀನು ಮಾರುವುದು ಹೊಟ್ಟೆಪಾಡೂ ಹೌದು, ಮಾತಿನ ಆಸರೆಯೂ ಹೌದು.

ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ಎದುರಿಗೆ ನಿಂತು ಇನ್ನೊಬ್ಬರು ಎತ್ತಬೇಕು. ಇಪ್ಪತ್ತು ವರ್ಷದಿಂದ ಆ ಕೆಲಸ ಎದುರು ಮನೆಯ ಕಳಕಮ್ಮನದು. ಖೈರುನಬಿ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟುಕೊಂಡು ಕರೆಯುತ್ತಿದ್ದಳು.

“ಕಳಕವ್ವಾ, ಒಂದೀಟು ಕೈ ಹಚ್ಚು ಬಾ.”

“ಬಂದೆ, ಬಂದೆ. ದಿನಾ ಭಾರ ಜಾಸ್ತಿ ಮಾಡ್ತಿ ನೋಡು. ನನ್ನ ಸೊಂಟ ಮುರದ್ರ ನೀನ ಅಡಗಿ ಮಾಡಾಕ ಬರಬೇಕು.”

ಇಬ್ಬರ ನಗು ನಮ್ಮ ಶಾಲೆಯ ಅಡುಗೆಮನೆಯವರೆಗೂ ಕೇಳುತ್ತಿತ್ತು.

ಮಳೆಗಾಲ ಹತ್ತಿರ ಬಂದಾಗ, ದೂರದ ಸಮುದ್ರದಲ್ಲಿ ಒಂದು ಹಡಗು ಮುಳುಗಿ ಎಣ್ಣೆ ಸೋರಿತು ಎಂಬ ಸುದ್ದಿ ಬಂತು. ಅದು ನಿಜವೇ. ಆದರೆ ಸುದ್ದಿಯ ಬೆನ್ನಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು. ಮೈಯೆಲ್ಲ ಕಪ್ಪಾದ ಹಕ್ಕಿ, ದಂಡೆಯಲ್ಲಿ ಸತ್ತ ಮೀನು, ಹಿಂದಿನಿಂದ ಒಂದು ಗಡಸು ದನಿ: “ಈ ವಿಷ ನಿಮ್ಮ ತಟ್ಟೆಗೂ ಬರುತ್ತಿದೆ. ಮೀನು ಮುಟ್ಟಬೇಡಿ. ಹತ್ತು ಜನರಿಗೆ ಕಳಿಸಿ.” ಎಲ್ಲಿಯದು, ಯಾವಾಗಿನದು, ಯಾರು ಹೇಳಿದ್ದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಹತ್ತು ಜನ ಎಂದರೆ ನಾನು ಇಪ್ಪತ್ತು ಜನಕ್ಕೆ ಕಳಿಸಿದೆ.

ಭತ್ತದ ನಾಟಿ ಮುಗಿದು ಎರಡು ವಾರಕ್ಕೆ ಹಳ್ಳದಲ್ಲಿ ಬಣ್ಣ ಕಂಡಿತು. ಬಣ್ಣ ಕಂಡ ಕಲ್ಲು ಯಾವುದು? ಖೈರುನಬಿ ವಾರಕ್ಕೊಮ್ಮೆ ಬುಟ್ಟಿ ತೊಳೆಯುವ ಕಲ್ಲು. ಇನ್ನೇನು ಬೇಕು ನಮಗೆ? ಹಳ್ಳದ ದಂಡೆಯಲ್ಲಿ ಬುಟ್ಟಿ ತೊಳೆಯುತ್ತಿದ್ದ ಅವಳಿಗೆ ಕಳಕಮ್ಮನ ಗಂಡ ಈಶಪ್ಪ ಎಲ್ಲರೆದುರಿಗೇ ಹೇಳಿಬಿಟ್ಟ.

“ಖೈರಕ್ಕಾ, ತಪ್ಪು ತಿಳಕೋಬ್ಯಾಡ. ಸಮುದ್ರದ ಎಣ್ಣಿ ನಿನ್ನ ಮೀನಿನ ಕೂಡ ಬಂದೈತಿ. ಇನ್ನ ಈ ಕಡೆ ಬುಟ್ಟಿ ತರಬ್ಯಾಡ.”

ಖೈರುನಬಿ ಕಳಕಮ್ಮನ ಮುಖ ನೋಡಿದಳು. ಕಳಕಮ್ಮ ಸೀರೆ ಹಿಂಡುತ್ತಿದ್ದಳು. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದಳು.

“ಆತು ಬಿಡಪ್ಪ,” ಎಂದಳು ಖೈರುನಬಿ. “ನನ್ನಿಂದ ಊರಿಗೆ ತ್ರಾಸ ಬ್ಯಾಡ.” ಒದ್ದೆ ಬುಟ್ಟಿ ಕಂಕುಳಲ್ಲಿ ಹಿಡಿದು ಹೋದಳು.

ಅಂದಿನಿಂದ ಅವಳನ್ನು ಯಾರೂ ಬೈಯಲಿಲ್ಲ, ಯಾರೂ ಕರೆಯಲೂ ಇಲ್ಲ. ಅವಳು ಬಂದರೆ ಕಟ್ಟೆಯ ಮೇಲಿದ್ದವರು ಒಳಗೆ ಕೆಲಸ ನೆನಪಾದವರಂತೆ ಏಳುತ್ತಿದ್ದರು. ಕಳಕಮ್ಮನ ಬಾಗಿಲು ಬೆಳಗಿನ ಹೊತ್ತು ಮುಚ್ಚಿರತೊಡಗಿತು.

ಒಂದು ಬೆಳಿಗ್ಗೆ ನಾನು ಕಣ್ಣಾರೆ ಕಂಡೆ. ಖೈರುನಬಿ ಬುಟ್ಟಿಯನ್ನು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಹೇಗೋ ಏರಿಸಿ, ಕೆಳಗೆ ಕುಕ್ಕರಗಾಲಲ್ಲಿ ಕೂತು, ತಲೆಯ ಮೇಲೆ ಎಳೆದುಕೊಳ್ಳಲು ನೋಡುತ್ತಿದ್ದಳು. ಎರಡು ಸಲ ಜಾರಿತು. ಮೂರನೆಯ ಸಲ ಬುಟ್ಟಿ ಮಗುಚಿ ಮೀನೆಲ್ಲ ಮಣ್ಣುಪಾಲಾಯಿತು. ಒಂದೊಂದನ್ನೇ ಆರಿಸಿ, ಸೆರಗಿನಿಂದ ಒರೆಸಿ, ಒಳಗಿಟ್ಟಳು. ನಾನು ಕಿಟಕಿಯಲ್ಲಿ ನಿಂತಿದ್ದೆ. ಕೈಯಲ್ಲಿ ಸೌಟಿತ್ತು. ಅದನ್ನು ಕೆಳಗಿಟ್ಟಿದ್ದರೆ ಹತ್ತು ಹೆಜ್ಜೆ. ನಾನು ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನದಿಂದ ಅವಳು ಹೊರಗೇ ಬರಲಿಲ್ಲ.

ಮುಂದೆ ಎಷ್ಟೋ ದಿನದ ಮೇಲೆ ಖೈರುನಬಿಯೇ ನನಗೆ ಹೇಳಿದಳು. ದಿನವಿಡೀ ಒಂದು ಮಾತೂ ಆಡದೆ ಮಲಗಿದ ದಿನಗಳಿದ್ದವಂತೆ. ಒಂದು ಸಂಜೆ ಫೋನ್ ಹೊಡೆದುಕೊಂಡಿತು. ಕಂಪನಿಯವರ ರೆಕಾರ್ಡ್ ಮಾತು, ಯಾವುದೋ ಹಾಡು ಹಾಕಿಸಿಕೊಳ್ಳಿ ಎನ್ನುವುದು. ನಾವಾದರೆ ಕಟ್ ಮಾಡುತ್ತೇವೆ. ಅವಳು ಮುಗಿಯುವವರೆಗೂ ಕಿವಿಗಿಟ್ಟುಕೊಂಡು ಕೇಳಿದಳು.

“ಹೆಣ್ಮಗಳ ದನಿ ಇತ್ತವ್ವಾ. ಭಾಳ ಛಲೋ ಮಾತಾಡ್ತಿತ್ತು,” ಎಂದಳು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಊರವರ ಮಾತನ್ನು ಅವಳೂ ನಂಬಿಬಿಟ್ಟಿದ್ದಳು. ಒಂದೊಂದು ಮೀನನ್ನೂ ಮೂಗಿಗೆ ಹಿಡಿದು ನೋಡುತ್ತಿದ್ದಳು. ಮೂವತ್ತು ವರ್ಷ ಆ ವಾಸನೆಯಲ್ಲೇ ಬದುಕಿದವಳಿಗೆ ಈಗ ತನ್ನ ಮೂಗಿನ ಮೇಲೆಯೇ ನಂಬಿಕೆ ಇರಲಿಲ್ಲ.

ಹೀಗಿರುವಾಗ ನಮ್ಮ ಆಶಾ ಕಾರ್ಯಕರ್ತೆ ಹೇಮಾ ಡೆಂಗಿ ಸೊಳ್ಳೆಯ ಲಾರ್ವಾ ನೋಡಲು ಮನೆ ಮನೆಗೆ ಬಂದಳು. ಅಂದು ಶಾಲೆಗೆ ರಜೆ, ನಾನೂ ಜೊತೆಗೆ ಹೋಗಿದ್ದೆ. ಖೈರುನಬಿಯ ಮನೆಯ ಹಿಂದೆ ಮೊಣಕಾಲುದ್ದದ ಗುಂಡಿ ತೋಡಿತ್ತು. ಪಕ್ಕದಲ್ಲಿ ಮೀನಿನ ಬುಟ್ಟಿಗಳು.

“ಇದೇನಮ್ಮಾ, ಗುಂಡಿ ಯಾಕ?” ಎಂದಳು ಹೇಮಾ.

“ಮೀನ ಹುಗೀತೀನ್ರೀ. ನಾಳಿ ಕುಷ್ಟಗಿಗೆ ಹೊಂಟೀನಿ, ತಮ್ಮನ ಮನಿಗೆ. ಇನ್ನ ಈ ಊರಾಗ ನನಗೇನೈತಿ?” ಎಂದಳು ಖೈರುನಬಿ. ಆಮೇಲೆ ಮೆಲ್ಲಗೆ ಕೇಳಿದಳು: “ಖರೇ ಹೇಳ್ರಿ ಹೇಮಕ್ಕಾರ, ನಾ ಊರಿಗೆ ವಿಷ ಉಣ್ಣಿಸೀನೇನು?”

ಹೇಮಾ ಸುಮ್ಮನೆ ಸಮಾಧಾನ ಹೇಳುವವಳಲ್ಲ. “ನನಗ ಗೊತ್ತಿಲ್ಲಮ್ಮಾ. ಗೊತ್ತಿದ್ದವರನ್ನ ಕೇಳೋಣ್ರಿ,” ಎಂದು ಅಲ್ಲೇ ನಿಂತು ಗಂಗಾವತಿಯ ಮೀನುಗಾರಿಕೆ ಇಲಾಖೆಗೆ ಫೋನ್ ಹಚ್ಚಿದಳು. ಅವರು ಹೇಳಿದ್ದನ್ನೆಲ್ಲ ಕೇಳಿಕೊಂಡು ಖೈರುನಬಿಯ ಕಡೆ ತಿರುಗಿದಳು.

“ಈ ಮೀನ ಯಾವಾಗ ತಂದದ್ದು?”

“ಯುಗಾದಿ ಹೊತ್ತಿಗೆ. ಮಳಿಗಾಲಕ್ಕಂತ ಮೊದಲ ತಂದಿಡ್ತೀನ್ರೀ. ಮಳಿ ಹತ್ತಿದ್ರ ಸಮುದ್ರದ ಕಡೆ ಬಿಸಲೆಲ್ಲಿ, ಮೀನ ಒಣಗೋದೆಲ್ಲಿ?”

“ಹಡಗ ಮುಳುಗಿದ್ದು ಅದಾದ ಮ್ಯಾಲೆ. ಹಂಗಾದ್ರ ಆ ಎಣ್ಣಿ ಈ ಮೀನಿಗೆ ಹೆಂಗ ಹತ್ತತೈತಿ?”

ಖೈರುನಬಿ ಬುಟ್ಟಿಯಿಂದ ಒಂದು ಮೀನು ತೆಗೆದು ಮತ್ತೆ ಮೂಗಿಗೆ ಹಿಡಿದಳು.

“ಸಮುದ್ರದಾಗ ಎಣ್ಣಿ ಬಿದ್ರ ಭಾಳ ಹಾನಿ ಅಮ್ಮಾ. ಮೀನ, ಆಮಿ, ಹಕ್ಕಿ, ಅಲ್ಲಿ ಮೀನ ಹಿಡಿಯೋರ ಬಾಳೇವು, ಎಲ್ಲಾ ಹಾಳಾಗತೈತಿ. ಅದಕ್ಕ ಹೆದರೋದು ತಪ್ಪಲ್ಲ. ಆದ್ರ ಎಣ್ಣಿ ಹರಡಿದ ಕಡೆ ಮೀನ ಹಿಡಿಯೋದು ನಿಲ್ಲಸ್ತಾರ, ತಪಾಸಣಿ ಮಾಡ್ತಾರ. ಎಣ್ಣಿ ಹತ್ತಿದ ಮೀನ ಸೀಮಿಎಣ್ಣಿ ನಾರತೈತಿ. ನಾರಲಿಲ್ಲಂದ್ರೂ ಸಂಶಯ ಇದ್ರ ಇಲಾಖೆಯವರನ್ನ ಕೇಳಬೇಕು. ಮೊಬೈಲ್ ನೋಡಿ ಮನಷಾರನ್ನ ಬಿಡಬಾರದು.”

ಕೊನೆಯ ಮಾತು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

“ಹಂಗಾದ್ರ ಹಳ್ಳದಾಗಿನ ಬಣ್ಣ ಯಾರದ್ರೀ?” ಎಂದು ಕೇಳಿದ್ದು ಖೈರುನಬಿಯೇ.

ಹಳ್ಳಕ್ಕೆ ಹೋದೆವು. ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕಳಕಮ್ಮನೂ ಇದ್ದಳು. ನೀರ ಮೇಲೆ ಅದೇ ಬಣ್ಣ. ಹೇಮಾ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಖೈರುನಬಿಯಮ್ಮ ಇಲ್ಲಿ ಬುಟ್ಟಿ ತೊಳದು ಎಷ್ಟ ದಿನ ಆತ್ರೀ?”

“ಹನ್ನೆರಡು ದಿನ,” ಎಂದಳು ಕಳಕಮ್ಮ. ಅವಳೂ ದಿನ ಎಣಿಸುತ್ತಿದ್ದಳು ಎಂದು ಆಗ ಗೊತ್ತಾಯಿತು.

“ಹರಿಯೋ ನೀರಿದು. ಹನ್ನೆರಡು ದಿನದ ಹಿಂದಿನ ಬಣ್ಣ ಇಷ್ಟೊತ್ತಿಗೆ ಎಲ್ಲಿಗೋ ಹೋಗಿರಬೇಕು. ಇವತ್ತಿಂದು ಎಲ್ಲಿಂದ ಬಂತು?”

ನಮಗೆಲ್ಲ ಕಣ್ಣಿತ್ತು. ದಿನವೂ ಆ ನೀರು ನೋಡುತ್ತಿದ್ದೆವು. ಇಷ್ಟು ಸುಲಭದ ಪ್ರಶ್ನೆ ಒಬ್ಬರಿಗೂ ಹೊಳೆದಿರಲಿಲ್ಲ. ತಪ್ಪು ಹೊರಿಸಲು ಒಬ್ಬಳು ಸಿಕ್ಕಿದ ಮೇಲೆ ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ?

ಎಲ್ಲರೂ ಹಳ್ಳದ ದಂಡೆ ಹಿಡಿದು ಮೇಲಕ್ಕೆ ನಡೆದೆವು. ಬಣ್ಣವೂ ನಮ್ಮ ಜೊತೆಗೇ ಮೇಲಕ್ಕೆ ಬಂತು. ಕೊನೆಗೆ ಅದು ಈಶಪ್ಪನ ಗದ್ದೆಯಿಂದ ನೀರು ಬಸಿಯುವ ಜಾಗದಲ್ಲಿ ನಿಂತಿತು. ಬದುವಿನ ಮೇಲೆ ಕರೀ ಬಣ್ಣದ ಉದ್ದನೆಯ ಹಗ್ಗ, ಪಕ್ಕದಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್.

ನಮ್ಮ ಕಡೆ ಸಸಿಗೆ ಕೊಳವೆ ಹುಳ ಬಿದ್ದರೆ ಹಿಂದಿನಿಂದ ಒಂದು ರೂಢಿ ಇದೆ. ಹಗ್ಗಕ್ಕೆ ಸೀಮೆಎಣ್ಣೆ ಹಚ್ಚಿ, ಎರಡು ಬದುವಿನ ಮೇಲೆ ಇಬ್ಬರು ನಿಂತು ಸಸಿಯ ಮೇಲೆ ಎಳೆಯುವುದು. ಹುಳ ನೀರಿಗೆ ಉದುರುತ್ತದೆ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ? ಈಶಪ್ಪ ಸುಟ್ಟ ಆಯಿಲಿನಲ್ಲಿ ಹಗ್ಗ ಅದ್ದಿದ್ದ. ಸಾಲದೆಂದು ಗದ್ದೆಯ ನೀರಿಗೂ ಸುರಿದಿದ್ದ. ವಾರಕ್ಕೆರಡು ಸಲ ಇದೇ ಕೆಲಸ.

ಗದ್ದೆಯಲ್ಲಿದ್ದ ಈಶಪ್ಪ ನಮ್ಮನ್ನು ಕಂಡು ಬಂದ. ವಿಷಯ ತಿಳಿದು ನಕ್ಕ.

“ಒಂದು ಡಬ್ಬಿ ಆಯಿಲಿಗೆ ಏನಾಗತೈತ್ರೀ? ಇದೇನು ಹಡಗೇನು?”

“ಹಡಗ ನಮ್ಮೂರಿಗೆ ಬಂದಿಲ್ಲಣ್ಣಾ. ಡಬ್ಬಿ ಬಂದೈತಿ,” ಎಂದಳು ಹೇಮಾ. “ಒಂದ್ ಹನಿ ಎಣ್ಣಿ ನೀರ ಮ್ಯಾಲೆ ಎಷ್ಟಗಲ ಹರಡತೈತಿ ನೀವ ನೋಡ್ರಿ. ಅದರ ತಳಗಿನ ನೀರಿಗೆ ಗಾಳಿ ಸೇರಂಗಿಲ್ಲ. ಮೀನ, ಕಪ್ಪಿ ಉಸರ ಕಟ್ಟಿ ಸಾಯ್ತಾವು. ಎಂಜಿನದಾಗ ಸುಟ್ಟ ಎಣ್ಣಿಯಾಗ ಸೀಸದಂಥಾ ವಿಷ ಇರತೈತಿ. ಅದು ನಿಮ್ಮ ಭತ್ತದ ಬುಡದಾಗೂ ಇಳೀತು, ನಿಮ್ಮ ಎಮ್ಮಿ ಕುಡಿಯೋ ನೀರಿಗೂ ಬಂತು.”

“ಮತ್ತ ಹುಳಕ್ಕೇನು ಮಾಡಲಿ? ಬೆಳಿ ಬಿಟ್ಟ ಕುಂದ್ರಲೇನು?”

“ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಒಂದು ಸಸಿ ತೋರಸ್ರಿ. ಮ್ಯಾಲಿನ ಎಣ್ಣಿ ತಗದು, ಗದ್ದಿ ನೀರು ಎರಡು ಮೂರು ದಿನ ಬಸಿದ್ರನ ಎಷ್ಟೋ ಹುಳ ಹೋಗ್ತಾವು. ಮುಂದ ಏನಂತ ಅವರು ಹೇಳ್ತಾರ. ಈ ಆಯಿಲ್ ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಡ್ರಿ. ಕೂಡಿಸಿ ಒಯ್ಯಾಕ ಲೈಸೆನ್ಸ್ ಇದ್ದವರು ಬರ್ತಾರ.”

ಈಶಪ್ಪ ಇನ್ನೂ ಏನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಕಳಕಮ್ಮ ಮುಂದೆ ಬಂದಳು.

“ಸುಮ್ನಿರು. ಹಗ್ಗದ ಆ ತುದಿ ನಾ ಹಿಡದಿದ್ದೆ,” ಎಂದಳು. ಆಮೇಲೆ ಖೈರುನಬಿಯ ಕಡೆ ತಿರುಗಿದಳು. “ಕೈಗೆ ಹತ್ತಿದ ಎಣ್ಣಿ ಇದ ಹಳ್ಳದಾಗ ತೊಳಕೊಂಡೀನಿ ಅಕ್ಕಾ. ನನಗ ಗೊತ್ತಾಗಲಿಲ್ಲ ಅಂದ್ರ ಸುಳ್ಳಾಗತೈತಿ. ಗೊತ್ತ ಮಾಡಿಕೊಳ್ಳಾಕ ಧೈರ್ಯ ಆಗಲಿಲ್ಲ. ಎಲ್ಲಾರೂ ನಿನ್ನ ಹೆಸರ ಹೇಳಿದ್ರು. ನನಗ ಅದ ಹಗರ ಅನಸ್ತು.”

ಖೈರುನಬಿ ಒಬ್ಬಳೇ ಊರ ಕಡೆ ನಡೆದಳು.

ಈಶಪ್ಪ ಆ ದಿನವೇ ಬಸಿಯುವ ಬಾಯಿಗೆ ಮಣ್ಣು ಹಾಕಿ ಕಟ್ಟಿ, ತೇಲುತ್ತಿದ್ದ ಎಣ್ಣೆಯನ್ನು ಒಣಹುಲ್ಲಿನಿಂದ ಎಳೆದು ತೆಗೆದ. ಡಬ್ಬಿ ಗ್ಯಾರೇಜಿಗೆ ಹೋಯಿತು. ಆ ಎಣ್ಣೆ ಹುಲ್ಲನ್ನೂ ಹಳ್ಳಕ್ಕೆ ಎಸೆಯದೆ, ಸುಡದೆ, ಚೀಲದಲ್ಲಿ ಕಟ್ಟಿ ಡಬ್ಬಿಯ ಜೊತೆಗೇ ಕಳಿಸಿದ.

ಮರುದಿನ ಬೆಳಿಗ್ಗೆ ಕಳಕಮ್ಮ ಖೈರುನಬಿಯ ಬಾಗಿಲ ಮುಂದೆ ನಿಂತಿದ್ದಳು. ನಾನೂ ಸೌಟು ಕೆಳಗಿಟ್ಟು ಬಂದಿದ್ದೆ. ಒಳಗೆ ಕುಷ್ಟಗಿಗೆಂದು ಕಟ್ಟಿದ ಬಟ್ಟೆಯ ಗಂಟು ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಖೈರುನಬಿ ಹೊರಗೆ ಬಂದಳು. ಅವಳ ತಲೆಯ ಮೇಲೆ ಸಿಂಬೆ ಇತ್ತು.

“ಕೈ ತೋರಸು,” ಎಂದಳು ಕಳಕಮ್ಮನಿಗೆ.

ಕಳಕಮ್ಮ ಎರಡೂ ಅಂಗೈ ಮುಂದೆ ಹಿಡಿದಳು. ಖೈರುನಬಿ ಹಿಂದೆ ಮುಂದೆ ತಿರುಗಿಸಿ ನೋಡಿದಳು, ಮೂಗಿಗೆ ಹಿಡಿದಳು.

“ಎಣ್ಣಿ ಹೋಗೈತಿ. ಆದ್ರ ಹನ್ನೆರಡು ದಿನ ಹೋದದ್ದು ತಿರುಗಿ ಬರಂಗಿಲ್ಲ ಕಳಕವ್ವಾ,” ಎಂದಳು. ಕಣ್ಣು ತುಂಬಿತ್ತು. ಆಮೇಲೆ ಕೂತು ತಲೆ ಬಗ್ಗಿಸಿದಳು. “ಹೂಂ, ಕೈ ಹಚ್ಚು.”

ಕಳಕಮ್ಮ ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ. ಬುಟ್ಟಿ ಮೇಲೆದ್ದಿತು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಮುದ್ರದ ಎಣ್ಣೆಗೆ ಹೆದರುವ ನಾವು ನಮ್ಮ ಹಳ್ಳದ ಎಣ್ಣೆಗೂ ಹೆದರೋಣ. ಟ್ರ್ಯಾಕ್ಟರಿನದಾಗಲಿ ಬೈಕಿನದಾಗಲಿ, ಸುಟ್ಟ ಆಯಿಲನ್ನು ನೀರಿಗೂ ನೆಲಕ್ಕೂ ಸುರಿಯಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡಿ. ನೀರಿನ ಮೇಲೆ ಬಣ್ಣ ಕಂಡರೆ ದಂಡೆ ಹಿಡಿದು ಮೇಲಕ್ಕೆ ನಡೆದು ನೋಡಿ, ಪಂಚಾಯಿತಿಗೆ ತಿಳಿಸಿ. ಮೊಬೈಲಿಗೆ ಬಂದ ವಿಡಿಯೊ ಮುಂದೆ ಕಳಿಸುವ ಮೊದಲು ಇಲಾಖೆಯವರನ್ನೋ ಆಶಾ ಅಕ್ಕನನ್ನೋ ಒಂದು ಮಾತು ಕೇಳಿ. ನಾನು ಕೇಳಲಿಲ್ಲ. ನಿಮ್ಮೂರಲ್ಲೂ ಈಗ ಯಾರೋ ಒಬ್ಬರು ಬುಟ್ಟಿ ಮುಂದಿಟ್ಟುಕೊಂಡು ಒಬ್ಬರೇ ಕೂತಿರಬಹುದು. ಈ ಹಾಳೆ ಪಕ್ಕಕ್ಕಿಟ್ಟು ಹೋಗಿ, ಅವರಿಗೆ ಕೈ ಹಚ್ಚಿ.