ಸಿಸ್ಟರ್ ಗಾಡಿಯ ಹವಾ ಪೈಪು

ಚಿದ್ರಿ ಓಣಿಯಾಗ ಮೂವತ್ತು ವರ್ಷ ನಳದ ಕೆಲಸ ಮಾಡಿದ ಮನುಷ್ಯಾ ನಜಮೋದ್ದೀನ. ಮೊನ್ನೆ ಮೊನ್ನೆ ಉಳಿ ಹಿಡಿದ ಬಡಿಗ ರಿಜ್ವಾನನ ಹೆಸರು ಕೇಳಿದ್ರ ಸಾಕು, ಅಂವಗ ಕುಡಿಯೋ ಚಾ ಕಹಿ ಆಗ್ತಿತ್ತು. ಹೊಟ್ಟಿಕಿಚ್ಚು ಅಂದ್ರ ಸಣ್ಣಪುಟ್ಟ ಹೊಟ್ಟಿಕಿಚ್ಚಲ್ಲ.

ಇಬ್ಬರೂ ಸೇರಿ ಆಲ್ಬರ್ಟ ಮಾಸ್ತರರ ಗಾಡಿ ತಯಾರು ಮಾಡಿದ್ರು. ಮಾಸ್ತರರ ಹೆಂಡತಿ ಸುಸನ್ನಾ ರಿಟೈರ್ ಆದ ನರ್ಸು, ಓಣಿಗೆಲ್ಲಾ ಸಿಸ್ಟರ್. ಮೊಣಕಾಲು ಹೋದ ಮ್ಯಾಲ ಎಲ್ಲಿ ಹೋದ್ರೂ ಸಂಡಾಸದ್ದೇ ತ್ರಾಸು. ನಾಲ್ಕು ವರ್ಷದಿಂದ ಔರಾದದಾಗಿನ ತಂಗಿ ಮನಿ ಸೈತ ಕಂಡಿಲ್ಲ. ಅದಕ್ಕ ಮಾಸ್ತರರು ಹಳೀ ಮಿನಿಬಸ್ ತಂದು ಒಳಗ ಮಂಚ, ಒಲಿ, ಕಮೋಡು ಎಲ್ಲಾ ಕೂಡಿಸಿದ್ರು. ಬರೋ ಐತವಾರ ತಂಗಿ ಮೊಮ್ಮಗನ ದೀಕ್ಷಾಸ್ನಾನ, ಈ ಸಲ ಸಿಸ್ಟರ್ ಹೋಗಲೇಬೇಕು.

ಸಂಡಾಸದ ಟಾಕಿಯಿಂದ ಛತ್ತಿನ ತನಕ ಹವಾ ಪೈಪು ಏರಿಸಿದವ ನಜಮೋದ್ದೀನ. ಹೊಲಸು ವಾಸನಿ ಅದರಾಗಿಂದ ಮ್ಯಾಲ ಹೋಗಬೇಕು. ಚೊಕ್ಕ ಕೆಲಸ, ಯಾರೂ ಬೆರಳು ತೋರಿಸೋ ಹಂಗಿಲ್ಲ. ಆದ್ರ ರಿಜ್ವಾನ ಬಂದು ಅದರ ಮ್ಯಾಲ ಸಾಗವಾನಿ ಹಲಗಿ ಹಚ್ಚಿ ಮುಚ್ಚಿಬಿಟ್ಟ. ನೋಡಿದವರೆಲ್ಲಾ ಹಲಗಿ ಸವರಿ ಸವರಿ ವಾಹ್ ಅಂದ್ರು. ಹಿಂದಿನ ಪೈಪಿಗಿ ಯಾರು ವಾಹ್ ಅಂತಾರ? ಸಿಸ್ಟರ್ ಇಬ್ಬರಿಗೂ ಶಿರಾ ಕೊಟ್ರು, ಖರೇ. ಎರಡನೇ ಸಲ ಹಾಕಿದ್ದು ಮಾತ್ರ ರಿಜ್ವಾನನ ತಾಟಿಗಿ.

ಮರುದಿನ ನಜಮೋದ್ದೀನ ಯಾರೂ ಕರೀದೆ ಬಂದು, ಕಮೋಡಿನ ಬಾಜೂಕ ಅದೇ ಹಲಗಿಗಿ ಒಂದು ಸ್ಟೀಲಿನ ಹಿಡಿಕಿ ಹಾಕಿದ, ಸಿಸ್ಟರ್ ಹಿಡಿದು ಏಳಲಿ ಅಂತ. ನನ್ನ ಕಷ್ಟ ನಿಮಗೊಬ್ಬರಿಗೇ ತಿಳೀತು ನೋಡ್ರಿ ಅಂದ್ರು ಸಿಸ್ಟರ್. ಎರಡು ದಿನ ಅಂವನ ಕಾಲು ನೆಲಕ್ಕ ಹತ್ತಲಿಲ್ಲ.

ಬುಧವಾರ ಗಾಡಿ ಔರಾದದ ತನಕ ಓಡಿಸಿ ನೋಡೋಣು ಅಂತ ಗಂಡ ಹೆಂಡತಿ ಹೊಂಟ್ರು. ಊರು ದಾಟೋದ್ರಾಗ ಒಳಗ ಸಂಡಾಸದ ಘಾಟು ಹತ್ತಿತು. ಅರ್ಧ ದಾರಿ ಮುಟ್ಟೋದ್ರಾಗ ಸಿಸ್ಟರ್ ಮೂಗಿಗಿ ಸೆರಗು ಹಿಡಿದು ಕೆಳಗ ಇಳಿದಬಿಟ್ರು. ಔರಾದ ನನ್ನ ಹಣೀಬರದಾಗಿಲ್ಲ, ಮನಿಗಿ ನಡೀರಿ ಅಂತ ಅತ್ತರು.

ಮನಿಗಿ ಬಂದು ಮಾಸ್ತರರು ಇಬ್ಬರನ್ನೂ ಕರೆಸಿದ್ರು. ನಜಮೋದ್ದೀನ ಒಳಗ ಇಣುಕಿನೂ ನೋಡಲಿಲ್ಲ, ಬಡಿಗನ ಮೊಳಿ ಪೈಪಿಗಿ ಬಡದದ, ಹಲಗಿ ಕೀಳಿಸ್ರಿ ಅಂದ. ಒಳಗೊಳಗ ಹಬ್ಬ. ರಿಜ್ವಾನ ಹಿಡಿಕಿ ಬಿಚ್ಚಿ, ಹಲಗಿ ಎಬ್ಬಿಸಿದ. ಅಂಟು ಹಚ್ಚಿದ್ದು ಸುಮ್ಮನ ಬರ್ತದೇನು, ನಡುವ ಸೀಳಿತು.

ಪೈಪಿಗಿ ಒಂದು ತೂತು, ತೂತಿನಿಂದ ಗೇಣುದ್ದ ಬಿರುಕು. ಸರಿಯಾಗಿ ಹಿಡಿಕಿ ಇದ್ದ ಜಾಗಾದಾಗ. ಬಿಚ್ಚಿಟ್ಟ ಹಿಡಿಕಿಯ ಸ್ಕ್ರೂವಿಗಿ ಪೈಪಿನ ಬಿಳೀ ಪುಡಿ ಇನ್ನೂ ಹತ್ತಿತ್ತು. ರಿಜ್ವಾನ ನೋಡಿದ. ನಜಮೋದ್ದೀನನೂ ನೋಡಿದ.

ರಿಜ್ವಾನ ಸ್ಕ್ರೂ ಕಿಸೇದಾಗ ಹಾಕ್ಕೊಂಡು ಹೊರಗ ಹೋದ.

“ನನ್ನದೇ ಮೊಳಿ ಸರ್. ತಪ್ಪಾತು.”

ಒಳಗ ನಜಮೋದ್ದೀನ ಬಿರುಕು ಬಿಟ್ಟಷ್ಟು ಕೊಯ್ದು, ಹೊಸಾ ತುಂಡು ಕೂಡಿಸಿ, ಎರಡೂ ಕಡಿ ಜೋಡಿಗಿ ಸಲ್ಯೂಷನ್ ಅಂಟು ಬಳಿದ. ಮಾನ ಉಳೀತು, ಜೀವಕ್ಕ ಹಗುರಾಗಬೇಕಿತ್ತು. ಅಷ್ಟರಾಗ ಹೊರಗಿಂದ ಸಿಸ್ಟರ್ ದನಿ ಕೇಳಿತು, ಇಂಥ ಖರೇ ಮನುಷ್ಯಾ ಈಗ ಎಲ್ಲಿ ಸಿಗ್ತಾನ್ರಿ ಅಂತ. ಅಂವನ ಮೈಯೆಲ್ಲಾ ಉರೀತು. ಹಲಗಿಗೂ ಇವನೇ, ಒಳ್ಳೇತನಕ್ಕೂ ಇವನೇ ಏನು?

ಕೈಯಾಗಿನ ಬ್ರಷ್ ಒಗದು ಹೊರಗ ಬಂದ.

“ಸಿಸ್ಟರ್, ಮೊಳಿ ಅಲ್ರಿ, ನನ್ನ ಸ್ಕ್ರೂ. ಹಿಡಿಕಿದು. ಇಂವನ ಹೆಸರಾಗೋದು ನೋಡಲಾರದೆ ಹಾಕಿದ್ದೆ. ಈಗೂ ನೋಡಲಾರದೇ ಹೇಳ್ಲತ್ತೀನಿ.”

ಚಾಚಾ, ಬಿಡ್ರಿ ಅಂದ ರಿಜ್ವಾನ. ಅದೂ ನಜಮೋದ್ದೀನಗ ಚುಚ್ಚಿತು.

ಸಿಸ್ಟರ್ ನಜಮೋದ್ದೀನನ ಕಡಿ ತಿರುಗಿದ್ರು.

“ಖರೇ ಹೇಳಿದ್ರಿ, ಛಲೋ ಆತು. ಹಿಡಿಕಿ ಇಲ್ಲದ ನನಗ ಏಳಲಿಕ್ಕಾಗಲ್ಲ, ಅದು ಬೇಕೇ ಬೇಕು. ಆದ್ರ ನಜಮೋದ್ದೀನಭಾಯಿ, ಈ ಸಲ ಅದನ್ನ ರಿಜ್ವಾನ ಹಾಕ್ಲಿ.”

ನಜಮೋದ್ದೀನ ತನ್ನ ಚೀಲದಾಗಿನ ಸ್ಕ್ರೂಡ್ರೈವರ್ ತೆಗೆದು ರಿಜ್ವಾನನ ಕೈಯಾಗ ಕೊಟ್ಟ.